ಗಾಳಿ ಇಳಿದಿಲ್ಲ, ಸೈಡ್‌ವಾಲ್ ಮಾತ್ರ ಸೀಳಿದೆ: ಪ್ಯಾಚ್ ಹಾಕಿಸಲೋ, ಟ್ಯೂಬ್ ಹಾಕಿಸಲೋ?

ಮಹೀಂದ್ರಾ ಥಾರ್ ಜೀಪು, 245/75 ಆರ್16 ಟೈರು, ಸಕಲೇಶಪುರದ ಎಸ್ಟೇಟ್ ದಾರಿಯಲ್ಲಿ ಹಿಂದಿನ ಎಡ ಟೈರಿನ ಪಕ್ಕದಲ್ಲಿ, ಅಂದರೆ ಸೈಡ್‌ವಾಲ್‌ನಲ್ಲಿ, ಮೂರು ಸೆಂಟಿಮೀಟರ್ ಸೀಳು, ಸೀಳಿನಲ್ಲಿ ಬಿಳಿ ನೂಲು, ಆದರೂ ಗಾಳಿ ಇಳಿದಿಲ್ಲ. ಅಂಗಡಿಯವರು ಹಾಟ್ ಪ್ಯಾಚ್ ಇಲ್ಲವೇ ಒಳಗೊಂದು ಟ್ಯೂಬ್ ಎಂದಿದ್ದಾರೆ, ಎರಡರಲ್ಲಿ ಯಾವುದು ಎಂದು ಕೇಳಿದ್ದೀರಿ. ನಾನೂ ಹಿಂದೆ ಇದೇ ಪ್ರಶ್ನೆ ಹೊತ್ತು ಅಂಗಡಿ ಅಂಗಡಿ ಸುತ್ತಿದವನೇ. ಎರಡೂ ಬೇಡ. ನೂಲು ಕಂಡ ಮೇಲೆ ಆ ಟೈರನ್ನು ಹೈವೇಗೆ ಇಳಿಸಬಾರದು.

‘ಗಾಳಿ ಹೋಗ್ತಿಲ್ಲವಲ್ಲ’ ಅನ್ನುವ ಸಮಾಧಾನ ಇದೆಯಲ್ಲ, ಜನ ಮೋಸಹೋಗುವುದು ಅಲ್ಲೇ. ಟೈರಿನಲ್ಲಿ ಗಾಳಿ ಸೋರದಂತೆ ನೋಡಿಕೊಳ್ಳುವುದು ಒಳಮೈಗೆ ಅಂಟಿದ ತೆಳು ರಬ್ಬರ್ ಪದರ, ಇನ್ನರ್ ಲೈನರ್. ಆ ಗಾಳಿಯ ಒತ್ತಡವನ್ನು ಬಿಗಿಹಿಡಿದು ಟೈರಿಗೆ ಆಕಾರ ಕೊಡುವುದು ನೂಲು. ರೇಡಿಯಲ್ ಟೈರಿನಲ್ಲಿ ಈ ಪಾಲಿಯೆಸ್ಟರ್ ನೂಲುಗಳು ಒಂದು ಬೀಡ್‌ನಿಂದ (ರಿಮ್‌ಗೆ ಕೂರುವ ಅಂಚು) ಇನ್ನೊಂದು ಬೀಡ್‌ವರೆಗೆ ಅಡ್ಡಡ್ಡ ಹಾಯುತ್ತವೆ. ಸ್ಟೀಲ್ ಬೆಲ್ಟ್ ಇರುವುದು ನೆಲ ಮುಟ್ಟುವ ಭಾಗದ, ಅಂದರೆ ಟ್ರೆಡ್‌ನ, ಅಡಿಯಲ್ಲಿ ಮಾತ್ರ. ಪಕ್ಕದಲ್ಲಿರುವುದು ಒಂದೋ ಎರಡೋ ಪದರ ನೂಲು, ಅದರ ಮೇಲೆ ಕೆಲವೇ ಮಿಲಿಮೀಟರ್ ರಬ್ಬರು. ಹೊರಗಿಂದ ಬಿದ್ದ ಸೀಳು ನೂಲನ್ನು ಕಡಿದು ಲೈನರ್ ಮುಟ್ಟದೆ ನಿಂತರೆ ಗಾಳಿ ಒಂದಿಷ್ಟೂ ಇಳಿಯುವುದಿಲ್ಲ. ಸೋಪಿನ ನೀರು ಹಾಕಿದರೂ ಗುಳ್ಳೆ ಬರುವುದಿಲ್ಲ. ಟೈರಿನ ಬಲ ಮಾತ್ರ ಹೋಗಿರುತ್ತದೆ.

ಕಡಿದ ನೂಲಿನ ಪಾಲಿನ ಎಳೆತವನ್ನು ಅಕ್ಕಪಕ್ಕದ ನೂಲುಗಳು ಹೊರಬೇಕು. ನಿಮ್ಮ ಅಳತೆಯ ಟೈರು ಒಂದು ಸುತ್ತಿಗೆ ಸುಮಾರು 2.43 ಮೀಟರ್ ಹೋಗುತ್ತದೆ, ಅಂದರೆ ಕಿಲೋಮೀಟರಿಗೆ 410ರಷ್ಟು ಸುತ್ತು. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದು ಗಂಟೆ ಓಡಿಸಿದರೆ ಆ ಸೀಳು ನೆಲದ ಕಡೆ ಬಂದಾಗಲೆಲ್ಲ ಮಡಚಿ ಬಿಚ್ಚುವುದು ಮೂವತ್ತು ಸಾವಿರ ಸಲಕ್ಕೂ ಹೆಚ್ಚು. ಪ್ರತಿ ಮಡಿಕೆಯಲ್ಲೂ ಬಿಸಿ. ಮೊದಲು ಸಣ್ಣ ಉಬ್ಬು ಏಳುತ್ತದೆ, ಆಮೇಲೆ ಒಡೆಯುತ್ತದೆ. ಎಸ್ಟೇಟಿನಲ್ಲಿ ಗಂಟೆಗೆ ಹತ್ತು ಕಿ.ಮೀ. ಓಡುವಾಗ ಏನೂ ಆಗದ ಟೈರು ಹಾಸನ ದಾಟಿ ಬೆಂಗಳೂರಿನ ದಾರಿ ಹಿಡಿದ ಮೇಲೆ ಕೈಕೊಡುವುದು ಇದಕ್ಕೇ.

ಸೀಳಿನ ದಿಕ್ಕನ್ನೂ ನೋಡಿ. ರಿಮ್‌ನಿಂದ ಟ್ರೆಡ್ ಕಡೆಗೆ ಉದ್ದಕ್ಕೆ ಬಿದ್ದದ್ದು ನೂಲಿನ ಜೊತೆಜೊತೆಗೇ ಹೋಗಿ ಕಡಿಮೆ ನೂಲು ಕಡಿಯಬಹುದು. ಟೈರಿನ ಸುತ್ತಳತೆಯ ಗುಂಟ ಬಿದ್ದದ್ದು ಎದುರಾದ ನೂಲನ್ನೆಲ್ಲ ಅಡ್ಡಕ್ಕೆ ಕತ್ತರಿಸಿರುತ್ತದೆ. ಕಲ್ಲಿನ ಅಂಚಿಗೆ ಉಜ್ಜಿಕೊಂಡು ಹೋದಾಗ ಆಗುವುದು ಹೆಚ್ಚಾಗಿ ಈ ಎರಡನೆಯದೇ.

ಇನ್ನು ಹಾಟ್ ಪ್ಯಾಚ್. ಬಿಸಿ ಕೊಟ್ಟು ವಲ್ಕನೈಸ್ ಮಾಡಿದರೆ ರಬ್ಬರಿಗೆ ರಬ್ಬರು ಕೂಡುತ್ತದೆ, ಕಡಿದ ನೂಲು ಕೂಡುವುದಿಲ್ಲ. ಹರಿದ ಹಗ್ಗದ ಮೇಲೆ ಬಣ್ಣ ಬಳಿದಂತೆ. ಲಾರಿ, ಟ್ರ್ಯಾಕ್ಟರ್ ಟೈರುಗಳಿಗೆ ನೂಲಿನ ಪದರಗಳೇ ಇರುವ ದಪ್ಪ ಪ್ಯಾಚ್ ಹಾಕಿ ಪಕ್ಕವನ್ನು ರಿಪೇರಿ ಮಾಡುವುದುಂಟು, ಅದನ್ನು ನೋಡಿ ಕಾರಿಗೂ ಆಗುತ್ತದೆ ಎಂದುಕೊಳ್ಳಬೇಡಿ. ಕಾರು, ಜೀಪಿನ ಟೈರಿನಲ್ಲಿ ರಿಪೇರಿಗೆ ಜಾಗ ಟ್ರೆಡ್‌ನ ನಡುಭಾಗ ಮಾತ್ರ, ಅದೂ ತೂತು 6 ಮಿ.ಮೀ. ಒಳಗಿದ್ದರೆ.

ಟ್ಯೂಬ್ ಸಲಹೆಯಂತೂ ಇನ್ನೂ ಕೆಟ್ಟದ್ದು. ಸೀಳು ನೆಲಕ್ಕೆ ಬಂದಾಗಲೆಲ್ಲ ಬಾಯಿ ತೆರೆದು ಟ್ಯೂಬನ್ನು ಕಚ್ಚುತ್ತದೆ. ಟ್ಯೂಬ್‌ಲೆಸ್ ಟೈರಿನ ಒಳಮೈಯ ಏಣುಗಳು ಅದನ್ನು ಉಜ್ಜಿ ಬಿಸಿ ಮಾಡುತ್ತವೆ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೆ ಗಾಳಿ ನಿಧಾನಕ್ಕೆ ಇಳಿಯುತ್ತದೆ, ಟ್ಯೂಬ್ ಒಡೆದರೆ ಒಮ್ಮೆಗೇ ಖಾಲಿ. ‘ಒಳಗೆ ಗೇಟರ್ ಇಟ್ಟು ಕೊಡ್ತೀನಿ ಸಾರ್’ ಎಂದರೂ ಒಪ್ಪಬೇಡಿ. ಹಳೇ ಟೈರಿನ ಆ ತುಂಡು ಚಕ್ರದ ಬ್ಯಾಲೆನ್ಸ್ ಕೆಡಿಸುವುದಲ್ಲದೆ ಅದರ ಅಂಚು ಟ್ಯೂಬನ್ನು ತಿನ್ನುತ್ತದೆ.

ಎಲ್ಲ ಗೀರಿಗೂ ಟೈರು ಎಸೆಯಬೇಕಿಲ್ಲ. ನೋಡುವ ಕ್ರಮ ಹೀಗೆ. ಕೆಸರು ತೊಳೆದು ಒಣಗಿಸಿ. ಗಾಳಿ ಪೂರ್ತಿ ತೆಗೆದ ಮೇಲೆ ಸೀಳನ್ನು ಎರಡು ಬೆರಳಿನಿಂದ ಅಗಲಿಸಿ, ಮೊಂಡು ತುದಿಯ ಕಡ್ಡಿಯಿಂದ ತಳ ಮುಟ್ಟಿ, ಮೊಬೈಲ್ ಟಾರ್ಚ್ ಹಾಕಿ ನೋಡಿ. ತಳದಲ್ಲೂ ಕಪ್ಪು ರಬ್ಬರೇ ಇದ್ದು ಎಳೆ ಕಾಣದಿದ್ದರೆ ಅದು ಮೇಲ್ಗಾಯ, ಸುತ್ತ ಸೀಮೆಸುಣ್ಣದ ಗುರುತು ಹಾಕಿ ಓಡಿಸುತ್ತಾ ಗಮನಿಸಿ. ಟ್ರೆಡ್ ಅಂಚಿನ ದಪ್ಪ ರಬ್ಬರ್ ಗಟ್ಟಿಯ (ಶೋಲ್ಡರ್ ಬ್ಲಾಕ್) ಮೂಲೆ ಕಿತ್ತುಹೋಗಿದ್ದರೆ ನೋಡಲು ಅಸಹ್ಯ ಅಷ್ಟೇ. ಬಿಳಿ ಅಥವಾ ಕೆನೆಬಣ್ಣದ ಎಳೆ ಕಂಡರೆ ಟೈರು ಮುಗಿಯಿತು. ಪಕ್ಕದಲ್ಲಿ ಹೊರಕ್ಕೆ ಉಬ್ಬಿದ್ದರೆ ಮೇಲೆ ಗೀರೇ ಇಲ್ಲದಿದ್ದರೂ ಮುಗಿದ ಹಾಗೆ, ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ ನೂಲು ತುಂಡಾಗಿರುತ್ತದೆ. ರಿಮ್‌ನಿಂದ ಟ್ರೆಡ್ ಕಡೆಗೆ ನೇರ ಗೆರೆಯಂತೆ ಸ್ವಲ್ಪ ಒಳಕ್ಕೆ ತಗ್ಗಿದ್ದರೆ ಸಾಮಾನ್ಯವಾಗಿ ಅದು ನೂಲಿನ ಪದರ ಒಂದರ ಮೇಲೊಂದು ಕೂಡಿದ ಜಾಗ, ಹೊಸ ಟೈರಿನಲ್ಲೂ ಇರುತ್ತದೆ.

ಚಾಸಿ ಕಡೆಯ ಸೈಡ್‌ವಾಲನ್ನು ಮರೆಯಬೇಡಿ, ಹೊರಗಿಂದ ಅದು ಕಾಣುವುದೇ ಇಲ್ಲ. ಮುಂದಿನ ಚಕ್ರಗಳಿಗೆ ಸ್ಟೀರಿಂಗ್ ಪೂರ್ತಿ ತಿರುಗಿಸಿ ನೋಡಿ, ಹಿಂದಿನವಕ್ಕೆ ಗಾಡಿ ಕೆಳಗೆ ತೂರಲೇಬೇಕು. ಗಾಳಿ ಕಡಿಮೆ ಇದ್ದಾಗಲೇ ಟಾರು ರಸ್ತೆಯಲ್ಲಿ ದೂರ ಓಡಿಸಿದ್ದರೆ ಟೈರನ್ನು ರಿಮ್‌ನಿಂದ ಬಿಚ್ಚಿಸಿ. ಒಳಗೆ ಕಾಫಿಪುಡಿ ಹಾಗೆ ಕರಿ ರಬ್ಬರ್ ಪುಡಿ ಬಿದ್ದಿದ್ದರೆ, ಒಳಮೈಯಲ್ಲಿ ಸುತ್ತಲೂ ಸುಕ್ಕಿನ ಪಟ್ಟಿ ಕಂಡರೆ, ಮತ್ತೆ ಗಾಳಿ ತುಂಬಿಸಲೇಬೇಡಿ.

ಸೀಳು ಏಕೆ ಬಿತ್ತು? ಟೈರಿನ ಕಂಪನಿಯನ್ನು ಬೈಯುವ ಮುನ್ನ ಗೇಜ್ ನೋಡಬೇಕು. ಕೆಸರಿಗೆ 20 ಪಿಎಸ್‌ಐ ಆಸುಪಾಸಿಗೆ ಇಳಿಸುವುದು ಸರಿಯೇ, ಹಿಡಿತ ಬರುತ್ತದೆ. ಆದರೆ ಗಾಳಿ ಇಳಿದಷ್ಟೂ ಪಕ್ಕ ಹೊರಕ್ಕೆ ಚಾಚುತ್ತದೆ. ಒದ್ದೆ ರಬ್ಬರು ಒಣ ರಬ್ಬರಿಗಿಂತ ಸುಲಭವಾಗಿ ಕೊಯ್ದುಹೋಗುತ್ತದೆ. ಮಲೆನಾಡಿನಲ್ಲಿ ಇದಕ್ಕೆ ಕಾದು ಕುಳಿತವು ಬೇಕಾದಷ್ಟಿವೆ: ಓರೆಯಾಗಿ ಕಡಿದ ಬಿದಿರಿನ ಕೂಳೆ, ಕಾಫಿ ಗಿಡದ ಬೊಡ್ಡೆ, ಬರೆಯಿಂದ ಜಾರಿಬಿದ್ದ ಚೂಪು ಕಲ್ಲು. ಕಲ್ಲಿದ್ದಲ್ಲಿ 24-26ಕ್ಕಿಂತ ಇಳಿಸಬೇಡಿ ಎನ್ನುವುದು ನನ್ನ ಹಟ. ಕಲ್ಲನ್ನು ಪಕ್ಕಕ್ಕೆ ಉಜ್ಜಿಕೊಂಡು ಹೋಗುವುದಕ್ಕಿಂತ ಟ್ರೆಡ್ ಮೇಲೆ ಹತ್ತಿಸಿ ದಾಟುವುದು ಮೇಲು. ಚಕ್ರ ಗಿರಗಿರ ತಿರುಗಲು ಶುರುವಾದರೆ ಆಕ್ಸಿಲರೇಟರ್ ಬಿಟ್ಟುಬಿಡಿ. ನಿಂತಲ್ಲೇ ತಿರುಗುವ ಟೈರು ಕಲ್ಲಿನ ಅಂಚಿಗೆ ತನ್ನನ್ನೇ ಸಾಣೆ ಹಿಡಿದುಕೊಳ್ಳುತ್ತದೆ.

ಕಾಡಲ್ಲಿ ಎರಡನೇ ಟೈರೂ ಹೋಗಿ ಸ್ಟೆಪ್ನಿ ಮುಗಿದಿದ್ದರೆ ಮಾತ್ರ ಸೀಳಿಗೆ ಪಂಕ್ಚರ್ ಸ್ಟ್ರಿಪ್ (ಅಂಟು ರಬ್ಬರಿನ ಎಳೆ) ತುರುಕುವ ಕೆಲಸ. ಒಂದು ಸೆಂಟಿಮೀಟರ್ ಸೀಳಿಗೆ ನಾಲ್ಕೈದು ಸ್ಟ್ರಿಪ್, ಪ್ರತಿಯೊಂದಕ್ಕೂ ಸಲ್ಯೂಷನ್ ಬಳಿದು ಒತ್ತೊತ್ತಾಗಿ. ರಿಮ್ ಬಿಟ್ಟು ಟೈರು ಕಳಚದಷ್ಟು ಗಾಳಿ, ಹೆಚ್ಚೆಂದರೆ 20 ಪಿಎಸ್‌ಐ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸಿ ನೋಡುತ್ತಾ ನಡಿಗೆಯ ವೇಗದಲ್ಲಿ ಟಾರು ರಸ್ತೆ ಮುಟ್ಟುವವರೆಗೆ ಮಾತ್ರ. ಅಲ್ಲಿಂದ ಮುಂದೆ ಬೇರೆ ಟೈರು ತರಿಸಿ. ಜಾಕ್ ಕೆಳಗೆ ಇಡಲು ಒಂದಡಿ ಅಗಲದ ಗಟ್ಟಿ ಹಲಗೆ ಗಾಡಿಯಲ್ಲಿ ಇರಲಿ, ಮಳೆಗಾಲದ ಎಸ್ಟೇಟ್ ಮಣ್ಣಿನಲ್ಲಿ ಗಾಡಿ ಮೇಲೇಳುವ ಬದಲು ಜಾಕೇ ಕೆಳಗಿಳಿಯುತ್ತದೆ.

ನಾಲ್ಕೂ ಬದಲಿಸಬೇಕಾ ಎಂದರೆ, ಬೇಡ. ಅದೇ ಕಂಪನಿಯ ಅದೇ ಮಾದರಿಯ ಒಂದು ಹೊಸದು ತನ್ನಿ. ಬೆನ್ನಿಗೆ ನೇತಾಡುವ ಸ್ಟೆಪ್ನಿ ಪೂರ್ತಿ ಅಳತೆಯದೇ, ಬಳಸದೆ ಹೊಸದಾಗಿಯೇ ಇದ್ದರೆ ಅದನ್ನೂ ಇದನ್ನೂ ಒಂದೇ ಆಕ್ಸಲ್‌ಗೆ ಜೋಡಿ ಮಾಡಿ, ಅಲ್ಲಿಂದ ತೆಗೆದ ಒಳ್ಳೆಯ ಟೈರು ಸ್ಟೆಪ್ನಿಯಾಗಲಿ. ಟಾರು ರಸ್ತೆಯಲ್ಲಿ 2ಎಚ್‌ನಲ್ಲೇ (ಎಂಜಿನ್ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ) ಓಡಿಸುವುದರಿಂದ ಮುಂದೆ-ಹಿಂದೆ ಟ್ರೆಡ್‌ನಲ್ಲಿ ತುಸು ವ್ಯತ್ಯಾಸವಿದ್ದರೂ ಥಾರ್‌ಗೆ ತೊಂದರೆಯಿಲ್ಲ. ಕೊಳ್ಳುವಾಗ ಪಕ್ಕದಲ್ಲಿರುವ ನಾಲ್ಕಂಕಿ ಓದಿ: 2225 ಎಂದಿದ್ದರೆ 2025ರ 22ನೇ ವಾರದ ತಯಾರಿಕೆ. ಚಕ್ರ ಹಾಕಿ 50 ಕಿ.ಮೀ. ಓಡಿಸಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡಿ.

ವಾರಂಟಿಯ ಆಸೆ ಬೇಡ, ಕಲ್ಲು ಕೊಯ್ದದ್ದು ತಯಾರಿಕೆಯ ದೋಷವಲ್ಲ. ಸಾಮಾನ್ಯ ವಿಮೆಯಲ್ಲೂ ಟೈರು ಒಂದಕ್ಕೇ ಹಾನಿಯಾದರೆ ಹಣ ಬರುವುದಿಲ್ಲ, ಅದೇ ಸಮಯಕ್ಕೆ ಗಾಡಿಗೂ ಪೆಟ್ಟಾಗಿದ್ದರೆ ಅರ್ಧ ಬೆಲೆ ಸಿಗುತ್ತದೆ. ಟೈರ್ ಕವರ್ ಬೇರೆಯಾಗಿ ತೆಗೆದುಕೊಂಡಿದ್ದರೆ ಆಫ್‌ರೋಡ್ ಬಗ್ಗೆ ಅದರಲ್ಲಿ ಏನು ಬರೆದಿದೆ ಎಂದು ಓದಿಕೊಂಡೇ ಫೋನ್ ಮಾಡಿ. ಹಳೇ ಟೈರನ್ನು ಅಂಗಡಿಯಲ್ಲಿ ಬಿಟ್ಟು ಬರುವುದಾದರೆ ಅವರ ಕೈಯಲ್ಲೇ ಆ ಸೀಳನ್ನು ಇನ್ನೊಂದು ಅಡಿ ಉದ್ದ ಕೊಯ್ಯಿಸಿ. ಇಲ್ಲವಾದರೆ ಅದೇ ಹಾಟ್ ಪ್ಯಾಚ್ ಹಾಕಿಸಿಕೊಂಡು ಸೆಕೆಂಡ್ ಹ್ಯಾಂಡ್ ಟೈರುಗಳ ಸಾಲಿನಲ್ಲಿ ಬೇರೆಯವರಿಗೆ ಕಾಯುತ್ತಿರುತ್ತದೆ.