ಅಪಾರ್ಟ್‌ಮೆಂಟ್‌ನವರಿಗೆ ಕರೆಂಟ್ ಉಳಿತಾಯ, ಹವಾಮಾನದ ಬಗ್ಗೆ ಅರಿವು ಮೂಡಿಸುವುದು ಹೇಗೆ? ಸಭೆ ಕರೆದರೆ ಯಾರೂ ಕಿವಿಗೇ ಹಾಕಿಕೊಳ್ಳುವುದಿಲ್ಲ.

ಅಯ್ಯೋ, ಇದು ನಮ್ಮದೇ ಕತೆ. ಮೈಸೂರಿನ ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ನಾವೊಂದು ಮೂರು ಜನ ಸೇರಿ ಭಾನುವಾರ ಸಭೆ ಕರೆದೆವು. ಪ್ರೊಜೆಕ್ಟರ್, ಕಾಫಿ, ಬೋಂಡ ಎಲ್ಲ ಇತ್ತು. ಜನ ಬಂದರು ಕೂಡ, ಬೋಂಡದ ಪುಣ್ಯ.

ನಾನು ಲೆಕ್ಕ ಹಾಕಿಕೊಂಡೇ ಹೋಗಿದ್ದೆ. ಹಳೇ ಫ್ಯಾನ್ 75 ವಾಟ್, ಕಡಿಮೆ ಕರೆಂಟ್ ತಿನ್ನುವ ಹೊಸ ಬಿಎಲ್‌ಡಿಸಿ ಫ್ಯಾನ್ 30 ವಾಟ್. ದಿನಕ್ಕೆ 10 ಗಂಟೆ ತಿರುಗಿದರೆ ಒಂದು ಫ್ಯಾನಿಗೆ ತಿಂಗಳಿಗೆ 13.5 ಯೂನಿಟ್ ಉಳಿತಾಯ. ಮೂರು ಫ್ಯಾನ್ ಬದಲಿಸಿದರೆ 40 ಯೂನಿಟ್, ಅಂದರೆ ಸುಮಾರು 240 ರೂಪಾಯಿ. ಎರಡನೇ ಮಹಡಿಯ ಆಂಟಿ ಅಲ್ಲಿಂದಲೇ ಕೇಳಿದರು: "ನಮ್ಮನೆ ಬಿಲ್ಲು ಸೊನ್ನೆ ಬರತ್ತಪ್ಪ. ಸೊನ್ನೇಲಿ 240 ಹೇಗೆ ಕಳೀತೀಯ?"

ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ನನ್ನ ತಲೆಗೇ ಬಂದಿರಲಿಲ್ಲ! ನಮ್ಮನೆಯಲ್ಲಿ ಎಸಿ, ಇಂಡಕ್ಷನ್ ಒಲೆ ಎಲ್ಲ ಸೇರಿ ಪ್ರತಿ ತಿಂಗಳೂ 200 ಯೂನಿಟ್ ದಾಟುತ್ತದೆ, ಪೂರ್ತಿ ಬಿಲ್ ಕಟ್ಟುತ್ತೇವೆ. ಎಲ್ಲರದ್ದೂ ಹೀಗೇ ಅಂದುಕೊಂಡಿದ್ದೆ. ಅಂದರೆ ಇಡೀ ಕಟ್ಟಡದಲ್ಲಿ ಜಾಸ್ತಿ ಕರೆಂಟ್ ಸುಡುವವನೇ ಎದ್ದು ನಿಂತು ಉಪದೇಶ ಮಾಡಿದ ಹಾಗಾಯಿತು. ಅದಾದ ಮೇಲೆ ವಾಟ್ಸಾಪ್ ಗ್ರೂಪಿನಲ್ಲಿ ನಾನು ಏನು ಹಾಕಿದರೂ ಒಂದು ಥಂಬ್ಸಪ್ಪೂ ಇಲ್ಲ.

ಆ ನಿಯಮವನ್ನು ಮೊದಲೇ ಸರಿಯಾಗಿ ಓದಿದ್ದರೆ ಈ ಫಜೀತಿ ಇರುತ್ತಿರಲಿಲ್ಲ, ನೀವಾದರೂ ಓದಿಕೊಳ್ಳಿ. 2023ರ ಆಗಸ್ಟ್ ಬಿಲ್‌ನಿಂದ ಜಾರಿಗೆ ಬಂದ ಯೋಜನೆ. 2022–23ರ ಸರಾಸರಿ ಬಳಕೆಯ ಮೇಲೆ 10% ಸೇರಿಸಿ ಒಂದು ಮಿತಿ ಕೊಟ್ಟರು. ಸರಾಸರಿ 160 ಇದ್ದ ಮನೆಗೆ ಮಿತಿ 176. ಅದರೊಳಗಿದ್ದರೆ ಬಿಲ್ ಸೊನ್ನೆ. 190 ಆದರೆ ಹೆಚ್ಚುವರಿ 14 ಯೂನಿಟ್‌ಗೆ ಮಾತ್ರ ದುಡ್ಡು. ಆದರೆ 200 ದಾಟಿ 203 ಆಯಿತೋ, ಪೂರ್ತಿ 203ಕ್ಕೂ ಬಿಲ್! ಮೂರು ಯೂನಿಟ್ ಜಾಸ್ತಿ ಆದ ತಪ್ಪಿಗೆ ಸಾವಿರದ ಮೇಲೆ ಕಕ್ಕಬೇಕು. ಏಪ್ರಿಲ್, ಮೇ ಸೆಕೆಯಲ್ಲಿ ಆಗುವುದು ಇದೇ.

ಆದ್ದರಿಂದ "ಅರಿವಿಲ್ಲ" ಅನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಆ ಆಂಟಿಗೆ ನನಗಿಂತ ಜಾಸ್ತಿ ಅರಿವಿತ್ತು, ಅಲ್ವಾ? ಸಭೆ ಬಿಡಿ. ಮೇ ತಿಂಗಳ ಬಿಲ್ ಬಂದ ವಾರ ಮನೆಮನೆಗೆ ಹೋಗಿ. ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್‌ಗೆ ಸಿಕ್ಕಿಸಿದ ಆ ಮಾಸಲು ಚೀಟಿಯಲ್ಲಿ 200ರ ಆಸುಪಾಸಿನಲ್ಲಿರುವವರು ಯಾರು ನೋಡಿ. ಅವರಿಗೆ ಎರಡು ಫ್ಯಾನ್ ಬದಲಿಸಿದರೆ 203 ಇದ್ದದ್ದು 176ಕ್ಕೆ ಇಳಿಯುತ್ತದೆ ಅಂತ ಹೇಳಿ. ನಾನು ಆಮೇಲೆ ಹಾಗೇ ಮಾಡಿದೆ. ಮೊದಲು ಫ್ಯಾನ್ ತಂದವರು ಮೂರನೇ ಮಹಡಿಯ ರಿಟೈರ್ಡ್ ಮೇಷ್ಟ್ರು. ಅವರನ್ನು ನೋಡಿ ಎದುರು ಮನೆಯವರು. ಸೊನ್ನೆ ಬಿಲ್‌ನವರನ್ನು ಸದ್ಯಕ್ಕೆ ಅವರ ಪಾಡಿಗೆ ಬಿಟ್ಟುಬಿಡಿ.

ಅವರನ್ನು ಹಿಡಿಯುವ ಜಾಗ ಬೇರೆ ಇದೆ, ಕಾಮನ್ ಮೀಟರ್. ಲಿಫ್ಟ್, ಪಂಪು, ಬೇಸ್‌ಮೆಂಟ್ ಲೈಟು. ಅದು ಸೊನ್ನೆ ಬರುವುದಿಲ್ಲ, ಮೇಂಟೆನೆನ್ಸ್‌ನಲ್ಲಿ ಎಲ್ಲರ ಜೇಬಿನಿಂದಲೂ ಹೋಗುತ್ತದೆ. ನಮ್ಮಲ್ಲಿ ಬೇಸ್‌ಮೆಂಟಿನ ಟ್ಯೂಬ್‌ಲೈಟುಗಳು ಹಗಲೂ ರಾತ್ರಿ ಉರಿಯುತ್ತಿದ್ದವು. ಟ್ಯಾಂಕ್ ತುಂಬಿ ನೀರು ಗೋಡೆಗುಂಟ ಇಳಿದ ಮೇಲೆಯೇ ವಾಚ್‌ಮನ್‌ಗೆ ಪಂಪಿನ ನೆನಪು. ಇದನ್ನು ಜನರಲ್ ಬಾಡಿಯಲ್ಲಿ ಎತ್ತಿದಾಗ ಯಾರೂ ಎದುರಾಡಲಿಲ್ಲ, ಆಂಟಿಯೇ ಮೊದಲು ಕೈಯೆತ್ತಿದರು. ಕಾಮನ್ ಬಳಕೆಗೆ ಸೋಲಾರ್ ಹಾಕಿಸುವ ಸಂಘಗಳಿಗೆ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಕಿಲೋವಾಟ್‌ಗೆ 18,000 ರೂಪಾಯಿ ಸಬ್ಸಿಡಿಯೂ ಇದೆ. ನಮ್ಮವರು ಇನ್ನೂ ಅದರ ಚರ್ಚೆಯಲ್ಲೇ ಇದ್ದಾರೆ.

ಹವಾಮಾನ? ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಸರಾಸರಿ 0.7 ಕೆಜಿ ಇಂಗಾಲದ ಡೈಆಕ್ಸೈಡ್. ರಾಯಚೂರು, ಬಳ್ಳಾರಿಯಲ್ಲಿ ಉರಿಯುವುದು ಕಲ್ಲಿದ್ದಲೇ. ಇದನ್ನು ಹೇಳಬೇಡಿ ಅಂತಲ್ಲ, ಕಾಮನ್ ಬಿಲ್ ಇಳಿದ ಮೇಲೆ ಹೇಳಿ. ಪೋಸ್ಟರ್ ಪ್ರಿಂಟ್ ಹಾಕಿಸಲು ದುಡ್ಡು ಎತ್ತಿಟ್ಟಿದ್ದರೆ ಮೊದಲು ಪಂಪಿಗೊಂದು ವಾಟರ್ ಲೆವೆಲ್ ಸೆನ್ಸರ್ ಹಾಕಿಸಿ.