ಅಪ್ಪನಿಗೆ ಎರಡು ಸಲ ಸಿಟಿ ಸ್ಕ್ಯಾನ್ ಆಗಿದೆ. ವರ್ಷಕ್ಕೆ 1 ಮಿಲಿಸೀವರ್ಟ್ ಅನ್ನೋ ಮಿತಿ ದಾಟಿತಲ್ವಾ?

ಪ್ರಶ್ನೆ ಓದಿದೆ. ತೀರ್ಥಹಳ್ಳಿ ಕಡೆ ತೋಟದಲ್ಲಿ ಗೊನೆ ಕೀಳುವಾಗ ನಿಮ್ಮ ತಂದೆ ಅಡಿಕೆ ಮರದಿಂದ ಬಿದ್ದರು. ಶಿವಮೊಗ್ಗಕ್ಕೆ ಕರೆತಂದಾಗ ತಲೆಗೆ ಎರಡು ಸಿಟಿ, ಎದೆಗೆ, ಭುಜಕ್ಕೆ ಎಕ್ಸ್‌ರೇ ಆಯಿತು. ಆಮೇಲೆ ನೀವು ಮೊಬೈಲಲ್ಲಿ ಹುಡುಕಿ, ಜನಸಾಮಾನ್ಯರಿಗೆ ವರ್ಷಕ್ಕೆ 1 ಮಿಲಿಸೀವರ್ಟ್ (ಮೈಗೆ ತಾಗುವ ವಿಕಿರಣದ ಅಳತೆ) ಮಾತ್ರ ಅಂತ ಓದಿ ಹೆದರಿದ್ದೀರಿ. ಮನೆಯಲ್ಲಿ ಬಸುರಿ ಅಕ್ಕ ಬೇರೆ ಇದ್ದಾರೆ.

ನಾನು ಶಿವಮೊಗ್ಗದಲ್ಲೇ 14 ವರ್ಷದಿಂದ ಎಕ್ಸ್‌ರೇ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಆದರೆ ಈ ಪ್ರಶ್ನೆಯನ್ನು ವಾರಕ್ಕೆರಡು ಸಲವಾದರೂ ಯಾರಾದರೂ ನನಗೆ ಕೇಳುತ್ತಾರೆ.

ಮೊದಲು ಅಕ್ಕನ ವಿಷಯ. ಅಪ್ಪನ ಪಕ್ಕ ಧಾರಾಳವಾಗಿ ಕೂರಲಿ. ಸಿಟಿಯಲ್ಲೂ ಬಳಸುವುದು ಎಕ್ಸ್‌ರೇ ಕಿರಣವೇ, ಅದು ಮೈಯೊಳಗೆ ಉಳಿಯುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಹೋದ ಮೇಲೆ ಬಲ್ಬಿನ ಬೆಳಕು ಮನೆಯಲ್ಲಿ ಉಳಿದಿರುತ್ತಾ? ಇದೂ ಹಾಗೇ, ಮೆಷಿನ್ ನಿಂತರೆ ಮುಗೀತು. ಥೈರಾಯ್ಡ್‌ಗೆ ವಿಕಿರಣಶೀಲ ಅಯೋಡಿನ್ ಕುಡಿಸಿದವರ ಕಥೆ ಬೇರೆ. ಅವರ ಮೈಯಿಂದ ಕೆಲವು ದಿನ ವಿಕಿರಣ ಬರುತ್ತದೆ, ಬಸುರಿಯರಿಂದ, ಮಕ್ಕಳಿಂದ ದೂರ ಇರಿ ಅಂತ ಆಸ್ಪತ್ರೆಯವರೇ ಹೇಳಿ ಕಳಿಸುತ್ತಾರೆ. ನಿಮ್ಮ ತಂದೆಗೆ ಆಗಿದ್ದು ಅದಲ್ಲ.

ಇನ್ನು ಆ 1 ಮಿಲಿಸೀವರ್ಟ್. ಅದು ರೋಗಿಗಳಿಗೆ ಹಾಕಿದ ಮಿತಿಯೇ ಅಲ್ಲ. ಎಕ್ಸ್‌ರೇ ಕೋಣೆಯ ಗೋಡೆಯಾಚೆ ಬೆಂಚಿನ ಮೇಲೆ ಕೂತವರಿಗೆ, ಪಕ್ಕದ ಅಂಗಡಿಯವರಿಗೆ, ಅಂದರೆ ಯಾವ ಲಾಭವೂ ಇಲ್ಲದೆ ವಿಕಿರಣ ತಾಗುವವರಿಗೆ ಇರುವ ಮಿತಿ. ನೆಲದಿಂದ, ಆಕಾಶದಿಂದ, ಉಸಿರಾಡುವ ಗಾಳಿಯಿಂದ ಬರುವ ಸಹಜ ವಿಕಿರಣವೂ ಅದರ ಲೆಕ್ಕಕ್ಕಿಲ್ಲ. ಅದೇ ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 2.4 ಮಿಲಿಸೀವರ್ಟ್. ತಲೆಯ ಸಿಟಿ ಒಂದಕ್ಕೆ ಸುಮಾರು 2. ಎದೆಯ ಎಕ್ಸ್‌ರೇಗೆ 0.1 ಕೂಡ ದಾಟುವುದಿಲ್ಲ. ಹೊಟ್ಟೆಯ ಸಿಟಿ ಜಾಸ್ತಿ, 8ರಿಂದ 10.

ಹಾಗಂತ ಏನೂ ಆಗಲ್ಲ ಅಂತ ನಾನು ಹೇಳಲ್ಲ. ಈ ಕಿರಣಕ್ಕೆ ಜೀವಕೋಶದ ಡಿಎನ್ಎ ಮುರಿಯುವ ಶಕ್ತಿ ಇದೆ. ಬಹುಪಾಲು ಮೈಯೇ ರಿಪೇರಿ ಮಾಡಿಕೊಳ್ಳುತ್ತದೆ. ರಿಪೇರಿ ತಪ್ಪಾದರೆ ಎಷ್ಟೋ ವರ್ಷದ ಮೇಲೆ ಕ್ಯಾನ್ಸರ್ ಆಗಬಹುದು. 10 ಮಿಲಿಸೀವರ್ಟ್‌ಗೆ ಸುಮಾರು 2000 ಜನರಲ್ಲಿ ಒಬ್ಬರು ಹಾಗೆ ಸಾಯಬಹುದು ಅನ್ನೋದು ಒಂದು ಅಂದಾಜು. ಹಿರೋಷಿಮಾ, ನಾಗಸಾಕಿಯಲ್ಲಿ ಬದುಕುಳಿದವರನ್ನು 1950ರಿಂದ ಗಮನಿಸುತ್ತಾ ಬಂದಿದ್ದಾರಲ್ಲ, ಮುಖ್ಯವಾಗಿ ಅಲ್ಲಿಂದ ಬಂದ ಲೆಕ್ಕ. ಚಿಕ್ಕ ಮಕ್ಕಳಿಗೆ ಅಪಾಯ ಜಾಸ್ತಿ, ವಯಸ್ಸಾದವರಿಗೆ ಕಡಿಮೆ. ಆದರೆ ತಲೆಗೆ ಪೆಟ್ಟು ಬಿದ್ದಾಗ ಕೆಲವೊಮ್ಮೆ ರಕ್ತಸ್ರಾವ ಮೊದಲ ಸ್ಕ್ಯಾನ್‌ನಲ್ಲಿ ಕಾಣದೆ, ಗಂಟೆಗಟ್ಟಲೆ ಬಿಟ್ಟು ಕಾಣುತ್ತದೆ. ಎರಡನೇ ಸಿಟಿ ಅದಕ್ಕೇ ಮಾಡಿಸಿರುತ್ತಾರೆ. ಅದನ್ನು ಬೇಡ ಅಂದಿದ್ದರೆ ಅದೇ ದೊಡ್ಡ ಅಪಾಯ.

ನಮ್ಮಂಥ ಕೆಲಸದವರಿಗೆ ಮಿತಿ ಇದೆ: 5 ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷ 30 ದಾಟಬಾರದು. ಇದನ್ನು ಹಾಕಿರುವುದು 1983ರಲ್ಲಿ ಶುರುವಾದ ಅಣುಶಕ್ತಿ ನಿಯಂತ್ರಣ ಮಂಡಳಿ. ನಾವು ಎಇಆರ್‌ಬಿ ಅಂತೀವಿ. ಎದೆಯ ಮೇಲೆ, ಸೀಸದ ಏಪ್ರನ್ ಒಳಗೆ, ನಮಗೆ ತಾಗಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಸಿಕ್ಕಿಸಿಕೊಳ್ಳುತ್ತೇವೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಒಳಗೆ ಮೂರು ಪುಟ್ಟ ಬಿಲ್ಲೆ. ಮೂರು ತಿಂಗಳಿಗೊಮ್ಮೆ ಲ್ಯಾಬ್‌ಗೆ ಕಳಿಸುತ್ತೇವೆ. ಅಲ್ಲಿ ಬಿಸಿ ಮಾಡಿದರೆ ಬಿಲ್ಲೆಗಳು ಬೆಳಕು ಬಿಡುತ್ತವೆ, ಬೆಳಕು ಎಷ್ಟೋ ಡೋಸ್, ಅಂದರೆ ತಾಗಿದ ವಿಕಿರಣ, ಅಷ್ಟು.

ಒಮ್ಮೆ ನಾನು ಬ್ಯಾಡ್ಜನ್ನು ಏಪ್ರನ್‌ಗೇ ಬಿಟ್ಟು, ಏಪ್ರನ್ನನ್ನು ಮೆಷಿನ್ ಪಕ್ಕದ ಸ್ಟ್ಯಾಂಡಿಗೆ ತೂಗುಹಾಕಿ ರಜೆಗೆ ಊರಿಗೆ ಹೋದೆ. ಮೂರು ತಿಂಗಳ ಮೇಲೆ ರಿಪೋರ್ಟ್ ಬಂತು. ಯಾವಾಗಲೂ ಸೊನ್ನೆ ಇರುವ ಕಡೆ ದೊಡ್ಡ ಅಂಕಿ! ಜೊತೆಗೆ ವಿವರಣೆ ಕೇಳಿ ಪತ್ರ. ಡೋಸ್ ತಗೊಂಡಿದ್ದು ನಾನಲ್ಲ, ಸ್ಟ್ಯಾಂಡು ಅಂತ ಬರೆದುಕೊಡುವಾಗ ನಾಚಿಕೆ ಆಯಿತು. ಆದರೆ ಯಾರೋ ಕೂತು ಆ ಅಂಕಿ ನೋಡುತ್ತಾರೆ ಅಂತ ಆವತ್ತು ಗೊತ್ತಾಯಿತು.

ರೋಗಿಗಳಿಗೆ ಬ್ಯಾಡ್ಜ್ ಇಲ್ಲ. ಹಾಗಾಗಿ ನೀವೇ ಕಣ್ಣಿಡಬೇಕು. ಸೆಂಟರ್‌ಗೆ ಎಇಆರ್‌ಬಿ ಲೈಸೆನ್ಸ್ ಇದೆಯಾ ಕೇಳಿ. ಎಕ್ಸ್‌ರೇ ತೆಗೆಯುವಾಗ ಬಾಗಿಲು ಹಾಕುತ್ತಾರಾ ನೋಡಿ. ಅಪ್ಪನನ್ನು ಹಿಡಿದುಕೊಳ್ಳಲು ಯಾರಾದರೂ ನಿಲ್ಲಬೇಕಾದರೆ ನೀವು ನಿಲ್ಲಿ, ಏಪ್ರನ್ ಕೇಳಿ ಹಾಕಿಕೊಳ್ಳಿ. ಅಕ್ಕ ಆ ಕೋಣೆಗೆ ಕಾಲಿಡುವುದು ಬೇಡ. ಮತ್ತೆ ಸ್ಕ್ಯಾನ್ ಅಂದರೆ, ಇದರಿಂದ ಟ್ರೀಟ್‌ಮೆಂಟ್ ಬದಲಾಗುತ್ತಾ ಅಂತ ಡಾಕ್ಟರನ್ನು ಕೇಳಿ, ತಪ್ಪು ತಿಳಿಯಲ್ಲ. 'ಸುಮ್ನೆ ಒಂದು ಸಲ ಫುಲ್ ಬಾಡಿ ಮಾಡಿಬಿಡಿ' ಅಂತ ನೀವಾಗಿ ಮಾತ್ರ ಕೇಳಬೇಡಿ. ಅಂಥವರೂ ಬರುತ್ತಾರೆ.

ಹಳೇ ಫಿಲ್ಮು, ಸಿಡಿ ಜೋಪಾನ ಮಾಡಿ. ನಮ್ಮ ಕಡೆ ಜನ ಫಿಲ್ಮ್ ಸುತ್ತಿ ಅಟ್ಟಕ್ಕೆ ಎಸೆಯುತ್ತಾರೆ. ಮಳೆಗಾಲ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿದು ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಆಮೇಲೆ ಅದೇ ಭುಜದ ಎಕ್ಸ್‌ರೇ ನಾನೇ ಮತ್ತೆ ತೆಗೆಯಬೇಕು.