ನವೀಕರಿಸಬಹುದಾದ ಇಂಧನ, ಶಿಕ್ಷಣ, ಜಾಗತೀಕರಣ: ಉದಯೋನ್ಮುಖ ದೇಶಗಳ ಹಸಿರು ಬೆಳವಣಿಗೆಗೆ ಇವು ಎಷ್ಟು ನೆರವಾಗುತ್ತವೆ?

ಮೊದಲ ಎರಡು ಸಾಮಾನ್ಯವಾಗಿ ನೆರವಾಗುತ್ತವೆ. ಜಾಗತೀಕರಣದ ಫಲ ಮಾತ್ರ ಆಯಾ ದೇಶದ ಕಾನೂನು ಎಷ್ಟು ಗಟ್ಟಿ ಎಂಬುದರ ಮೇಲೆ ನಿಂತಿದೆ. ಹಸಿರು ಬೆಳವಣಿಗೆ ಎಂದರೆ ಗಾಳಿ, ನೀರು, ಮಣ್ಣನ್ನು ಹಾಳುಗೆಡವದೆ ಆದಾಯ ಹೆಚ್ಚಿಸಿಕೊಳ್ಳುವುದು.

ಈ ಮೂರೂ ಒಂದನ್ನೊಂದು ಅವಲಂಬಿಸಿವೆ. 2010ರ ದಶಕದಲ್ಲಿ ಸೌರ ಫಲಕಗಳ ಬೆಲೆ ಪಾತಾಳಕ್ಕಿಳಿದದ್ದು ಚೀನಾದ ಬೃಹತ್ ಉತ್ಪಾದನೆ ಮತ್ತು ಜಾಗತಿಕ ಮಾರುಕಟ್ಟೆಯಿಂದ. ಅದೇ ಮಾರುಕಟ್ಟೆ, ನಿಯಮ ಸಡಿಲವಿರುವ ಕಡೆಗೆ ಹೊಗೆಯುಗುಳುವ ಕಾರ್ಖಾನೆಗಳನ್ನೂ ತಂದು ನಿಲ್ಲಿಸುತ್ತದೆ.

ಫಲಕ ಕೊಂಡರಷ್ಟೇ ಸಾಲದು ಎನ್ನುವುದಕ್ಕೆ ವಿಯೆಟ್ನಾಂ ನೋಡಿ. ಸರ್ಕಾರ ಸೌರ ವಿದ್ಯುತ್ತಿಗೆ ಒಳ್ಳೆಯ ಖರೀದಿ ದರದ ಖಾತರಿ ಕೊಟ್ಟದ್ದರಿಂದ, 2018ರಲ್ಲಿ ನಾಮಮಾತ್ರವಾಗಿದ್ದ ಸೌರ ಸಾಮರ್ಥ್ಯ 2020ರ ಕೊನೆಗೆ ಸುಮಾರು 16 ಗಿಗಾವಾಟ್ ಮುಟ್ಟಿತು. ವಿದ್ಯುತ್ ಸಾಗಿಸುವ ಮಾರ್ಗಗಳು ಅಷ್ಟು ಬೇಗ ಸಿದ್ಧವಾಗಲಿಲ್ಲ. ಬಿಸಿಲು ಸುಡುತ್ತಿದ್ದರೂ ಕೆಲವು ಸ್ಥಾವರಗಳು ಉತ್ಪಾದನೆ ತಗ್ಗಿಸಬೇಕಾಯಿತು.

ಶಿಕ್ಷಣದ ಪಾತ್ರ ಇಲ್ಲಿದೆ: ವಿದ್ಯುತ್ ಜಾಲವನ್ನು ಯೋಜಿಸುವ ಎಂಜಿನಿಯರ್‌ನಿಂದ ಹಿಡಿದು ದುರಸ್ತಿಗಾರನವರೆಗೆ ಅರಿತವರು ಬೇಕು. ಸಾಲಾಗಿ ಜೋಡಿಸಿದ ಫಲಕಗಳಲ್ಲಿ ಒಂದರ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಇಳಿಯಬಹುದು. ಅದನ್ನು ಪತ್ತೆಹಚ್ಚುವವರಿಲ್ಲದಿದ್ದರೆ ಅಗ್ಗದ ಫಲಕ ಬರೀ ಛಾವಣಿಯ ಅಲಂಕಾರ. ಆದರೆ ಶಿಕ್ಷಣ ನಿಧಾನ. ಓದಿದವರ ಆದಾಯದ ಜೊತೆಗೆ ವಿದ್ಯುತ್ ಬಳಕೆಯೂ ಏರುವುದರಿಂದ, ಆರಂಭದಲ್ಲಿ ಮಾಲಿನ್ಯ ಹೆಚ್ಚಿದರೆ ಅಚ್ಚರಿಯಿಲ್ಲ.